ಹಿಂದಿನದು ಲೆಕ್ಕಕ್ಕಿಲ್ಲ

ಬುಧವಾರ ಬಿಸಿಲು ಬಿದ್ದರೆ ನಾನು ಹೊರಡಬೇಕು.
ಹದಿಮೂರು ಡಿಗ್ರಿಗೆ ಕಮ್ಮಿಯಿದ್ದರೆ ಇಲ್ಲ,
ಗಾಳಿ ಜೋರಿದ್ದರೆ ಇಲ್ಲ, ಹನಿ ಬಿದ್ದರೆ ಇಲ್ಲವೇ ಇಲ್ಲ.
ಚಿಟ್ಟೆಗಳಿಗೂ ಇದೇ ಕಾನೂನು,
ಅವಕ್ಕೆ ಯಾರೂ ಬರೆದುಕೊಟ್ಟಿಲ್ಲ, ಅಷ್ಟೆ.

ಮೂವತ್ತೊಂದು ವರ್ಷ ಕಸದ ಲಾರಿ ಓಡಿಸಿದವನು ನಾನು.
ವಿಲ್ಟ್‌ಶೈರಿನ ಈ ಮೂಲೆಯ ಓಣಿ ಓಣಿಯ ತಿರುವು ಗೊತ್ತು,
ಯಾರ ಡಬ್ಬಿಯಲ್ಲಿ ಎಷ್ಟು ಖಾಲಿ ಬಾಟಲಿ, ಅದೂ ಗೊತ್ತು.
ಬೇಲಿಯ ಮೇಲೆ ಕೂತದ್ದು ಗುಬ್ಬಿಯೋ ಇನ್ನೊಂದೋ
ಗೊತ್ತಿರಲಿಲ್ಲ.

ಪಕ್ಕದ ಮನೆಯ ಥಿರ್ಜಾಗೆ ಎಂಬತ್ತನಾಲ್ಕು.
ಸೊಂಟಕ್ಕೆ ಲೋಹ ಹಾಕಿಸಿಕೊಂಡು ಬಂದ ದಿನ
ಬೇಲಿಯಾಚೆಯಿಂದ ರಟ್ಟಿನ ಹಲಗೆಯೊಂದನ್ನು ಚಾಚಿದಳು,
ದಾರಕ್ಕೆ ಕಟ್ಟಿದ ಪೆನ್ಸಿಲ್ಲು ತೂಗಾಡುತ್ತಿತ್ತು.
"ಕ್ಲೆಮ್, ನಿನಗೆ ಹೇಗೂ ಬೇಗ ಎಚ್ಚರಾಗುತ್ತಲ್ಲ."
ಚಿಟ್ಟೆ ಎಣಿಸಲು ಹತ್ತೂಮುಕ್ಕಾಲಿಗೆ ಹೋದರೆ ಸಾಕೆಂದು
ನನಗೆ ಆಮೇಲೆ ತಿಳಿಯಿತು.

ನಿಯಮ ಸುಲಭ. ಅದೇ ಗುಡ್ಡ, ಅದೇ ದಾರಿ, ಅದೇ ನಡಿಗೆ.
ಎಡಕ್ಕೆ ಎರಡೂವರೆ ಮೀಟರು, ಬಲಕ್ಕೆ ಎರಡೂವರೆ,
ಮುಂದಕ್ಕೆ ಐದು, ಮೇಲಕ್ಕೆ ಐದು:
ಗೋಡೆಯಿಲ್ಲದ ಒಂದು ಕೋಣೆ.
ಅದನ್ನು ಹೊತ್ತುಕೊಂಡು ಹತ್ತುತ್ತೇನೆ.
ಒಳಗೆ ಬಂದದ್ದು ಲೆಕ್ಕ.
ಬೆನ್ನ ಹಿಂದಿನದು, ಎಷ್ಟೇ ಚೆಲುವಿರಲಿ, ಲೆಕ್ಕಕ್ಕಿಲ್ಲ.

ಸುಣ್ಣದ ಗುಡ್ಡ. ಬೂಟಿಗೆಲ್ಲ ಹಿಟ್ಟು ಮೆತ್ತಿದ ಹಾಗೆ.
ಸಾವಿರ ಸಲ ಒಗೆದ ಕೆಲಸದ ಅಂಗಿಯ ಬಣ್ಣದ
ಪುಟ್ಟ ನೀಲಿಗಳು ಹುಲ್ಲಿನಿಂದ ಎದ್ದೆದ್ದು ಬೀಳುತ್ತವೆ.
ಬಾನಕ್ಕಿ ಮೇಲೆಲ್ಲೋ, ಕಣ್ಣಿಗೆ ಸಿಗದೆ,
ಉಸಿರು ತೆಗೆದುಕೊಳ್ಳುವುದನ್ನೇ ಮರೆತು ಹಾಡುತ್ತದೆ.
ಮುಳ್ಳುಪೊದೆಯ ತುದಿಗೆ ಹಳದಿ ತಲೆಯದೊಂದು:
ಚೂರೇ ಚೂರೇ ಚೂರೇ ರೊಟ್ಟಿ, ಚೀ... ಸಿಲ್ಲಾ.
ಥಿರ್ಜಾಗೆ ಈಗ ಆ ಸಣ್ಣ ದನಿ ಕೇಳಿಸುವುದಿಲ್ಲ.
ಪ್ರತಿ ಬುಧವಾರವೂ ವಿಚಾರಿಸುತ್ತಾಳೆ:
"ಚೀಸು ಸಿಕ್ಕಿತಂತಾ ಅದಕ್ಕೆ?"

ಹಾಳೆಯಲ್ಲಿ ಒಂದು ಸಾಲು: ಗೋಡೆಚಿಟ್ಟೆ.
ಕಲ್ಲಿನ ಮೇಲೆ ಬಿಸಿಲು ಕಾಯುವುದರಿಂದ ಆ ಹೆಸರು.
ಹನ್ನೊಂದು ವರ್ಷದಿಂದ ಅಲ್ಲಿ ಬರೀ ಸೊನ್ನೆ,
ಅವಳ ಕೈಬರಹದಲ್ಲಿ, ಮೊಟ್ಟೆಯಷ್ಟು ದುಂಡಗೆ.
"ಖಾಲಿ ಬಿಡಬೇಡ," ಅಂದಿದ್ದಳು ಮೊದಲ ದಿನವೇ,
"ಖಾಲಿ ಅಂದರೆ ನೀನು ನೋಡಲಿಲ್ಲ.
ಸೊನ್ನೆ ಅಂದರೆ ನೋಡಿದೆ, ಇರಲಿಲ್ಲ."

ಆಗಸ್ಟಿನ ಮೂರನೆಯ ಬುಧವಾರ.
ಬೂಟಿನೊಳಗೊಂದು ಹರಳು. ಕುರಿದೊಡ್ಡಿಯ ಮುರುಕು ಗೋಡೆ ದಾಟಿ
ಬಗ್ಗಿ ಅದನ್ನು ಕೊಡವಿ ತಿರುಗಿದರೆ,
ಹಿಂದೆ, ಬಿಸಿ ಕಲ್ಲಿನ ಮೇಲೆ,
ಸುಟ್ಟ ಕಿತ್ತಳೆ ಸಿಪ್ಪೆಯ ಬಣ್ಣ, ಅದರಲ್ಲಿ ಕಪ್ಪು ಗೆರೆಗಳು,
ರೆಕ್ಕೆಯಂಚಿನಲ್ಲಿ ನನ್ನನ್ನೇ ನೋಡುವ ಒಂದು ಕಣ್ಣು.

ಎರಡು ಹೆಜ್ಜೆ ಹಿಂದೆ ಹೋಗಿ
ಮತ್ತೆ ಮುಂದೆ ನಡೆದು ಬಂದರೆ ಮುಗಿಯಿತು.
ಯಾರು ನೋಡುತ್ತಾರೆ? ಒಂದು ಕುರಿ.
ಅದೂ ಮೆಲುಕು ಹಾಕುತ್ತಿತ್ತು.

ತೂಕದ ಕಟ್ಟೆಯ ಮೇಲೆ ಲಾರಿ ನಿಲ್ಲಿಸಿ
ಒಂದು ಕಿಲೋ ಸುಳ್ಳು ಹೇಳಿದವನಲ್ಲ ನಾನು.
ಆದರೂ ಪೆನ್ಸಿಲ್ಲು ಬಹಳ ಹೊತ್ತು ಗಾಳಿಯಲ್ಲೇ ಇತ್ತು.
ಚಿಟ್ಟೆ ಹಾರಿದ ಮೇಲೆ ಬರೆದೆ.

ಸಂಜೆ ಥಿರ್ಜಾಳ ಬೆರಳು ಸಾಲು ಸಾಲಾಗಿ ಇಳಿದು
ಅಲ್ಲಿ ನಿಂತಿತು. "ಈ ಸೊನ್ನೆ ಯಾಕಿಷ್ಟು ಸೊಟ್ಟ?"
ಹೇಳಿದೆ.
"ಮುಂದೆಯೋ, ಹಿಂದೆಯೋ?"
"ಹಿಂದೆ."
"ಹಾಗಾದರೆ ಸರಿಯಾಗೇ ಬರೆದಿದ್ದೀಯ."

ಚಹಾ ಆರುತ್ತಿತ್ತು. ಅವಳು ಹಲಗೆ ಪಕ್ಕಕ್ಕಿಟ್ಟಳು.
ರೆಕ್ಕೆ ಬಿಚ್ಚಿತ್ತಾ? ಎಷ್ಟು ಹೊತ್ತು ಕೂತಿತ್ತು?
ಯಾವ ಕಲ್ಲು, ಕ್ಲೆಮ್, ಯಾವ ಕಲ್ಲು?
ಮೇಜಿನ ಮೇಲೆ ಬಿಸ್ಕತ್ತು ಒಟ್ಟಿ ಕುರಿದೊಡ್ಡಿ ಕಟ್ಟಿದೆ,
ಎಲ್ಲಿ ಕುಸಿದಿದೆಯೋ ಅಲ್ಲೊಂದನ್ನು ಮುರಿದಿಟ್ಟು
ಮೇಲಿನ ಸಾಲಿನ ಮೂರನೆಯದನ್ನು ತೋರಿಸಿದೆ.

ಮಾತಾಡುತ್ತಾ ಮಾತಾಡುತ್ತಾ
ಗೋಡೆಯನ್ನೆಲ್ಲ ತಿಂದು ಮುಗಿಸಿದೆವು.
ಅದೊಂದನ್ನು ಮಾತ್ರ ಅವಳು ಮುಟ್ಟಲಿಲ್ಲ,
ನನಗೂ ಬಿಡಲಿಲ್ಲ.